ಸೊಂಟಕ್ಕೆ ಬೆಲ್ಟ್ ಕೊಟ್ಟಿದ್ದಾರೆ, ಸಾಕೇ?

ಪ್ರಶ್ನೆ: ಶಿರಸಿ ಹತ್ತಿರದ ವೃದ್ಧಾಶ್ರಮವೊಂದರಲ್ಲಿ ನರ್ಸ್ ಆಗಿದ್ದೇನೆ. ರಾತ್ರಿ ಪಾಳಿಗೆ ನಾನೊಬ್ಬಳೇ. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸಿ ಬದಲಿಸಿ ಸೊಂಟ ಬಿದ್ದುಹೋಗಿದೆ. ಹೇಳಿದ್ದಕ್ಕೆ ಬೆಲ್ಟ್ ತಂದುಕೊಟ್ಟರು. ಇನ್ನೇನು ಕೇಳಬಹುದು?

ಉತ್ತರ: ಬೆಲ್ಟ್ ಕಟ್ಟಿಕೊಂಡರೆ ಸೊಂಟ ಉಳಿಯುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಅದರ ಧೈರ್ಯದಲ್ಲಿ ಇನ್ನಷ್ಟು ಭಾರ ಎತ್ತುತ್ತೇವೆ, ಅಷ್ಟೇ. ನೀವು ಕೇಳಬೇಕಾದ್ದು ರಾತ್ರಿಗೆ ಇನ್ನೊಂದು ಜೊತೆ ಕೈ.

ಬರಿದೇ ಕೇಳಬೇಡಿ, ಲೆಕ್ಕ ಬರೆದು ಕೊಡಿ. ಬೆನ್ನುಹುಣ್ಣು ಆಗದಂತೆ ಸಾಮಾನ್ಯವಾಗಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ಎದ್ದೇಳಲಾಗದವರು 8 ಮಂದಿ ಇದ್ದರೆ 10 ತಾಸಿನ ಪಾಳಿಯಲ್ಲಿ 40 ಸಲ ಬಗ್ಗಬೇಕು. ರೋಗಿಯನ್ನು ಎತ್ತುವಾಗ ಒಬ್ಬರ ಪಾಲಿಗೆ ಸುಮಾರು 16 ಕಿಲೋಗಿಂತ ಹೆಚ್ಚು ಭಾರ ಬೀಳಬಾರದೆಂದು ಅಮೆರಿಕದ ಪರಿಣತರು ಮಿತಿ ಹಾಕಿದ್ದಾರೆ. ಅಜ್ಜ 60 ಕಿಲೋ ಇದ್ದರೆ ಇಬ್ಬರು ಹಿಡಿದರೂ ತಲಾ 30 ಆಯಿತಲ್ಲ!

ಹಾಗಾಗಿ ಎತ್ತುವುದೇ ಬೇಡ, ಜಾರಿಸಿ. ಭುಜದಿಂದ ತೊಡೆಯವರೆಗೆ ಮೈ ಕೆಳಗೆ ಅಡ್ಡಲಾಗಿ ಡ್ರಾ ಶೀಟ್, ಅಂದರೆ ಹಿಡಿದು ಜಾರಿಸಲು ಒಂದು ಬಟ್ಟೆ, ಹಾಸಿರಬೇಕು. ಆಚೆ ಒಬ್ಬರು, ಈಚೆ ಒಬ್ಬರು ನಿಂತು, ಅಂಚನ್ನು ಸುರುಳಿ ಸುತ್ತಿ ಅಜ್ಜನ ಮೈಗೆ ಹತ್ತಿರದಲ್ಲೇ ಹಿಡಿದು, ಒಂದು, ಎರಡು, ಮೂರು ಎಂದು ಒಟ್ಟಿಗೇ ಎಳೆಯಬೇಕು. ಮಂಚ ತಗ್ಗಿದ್ದರೆ ಒಂದು ಮೊಣಕಾಲನ್ನು ಹಾಸಿಗೆಯ ಮೇಲೆ ಊರಿಕೊಳ್ಳಿ. ಬೆನ್ನು ಅಷ್ಟು ಬಾಗುವುದಿಲ್ಲ. ಎಳೆಯುವ ಮೊದಲು ಅಜ್ಜನಿಗೂ ಹೇಳಿ. ಕಾರವಾರದ ಕಡೆ ನಾನು ನೈಟ್ ಮಾಡುತ್ತಿದ್ದಾಗ ಒಬ್ಬರು, "ತಂಗೀ, ತಡಿಯೇ" ಎಂದು ತಾವೇ ಕಾಲು ಮಡಚಿಕೊಳ್ಳುತ್ತಿದ್ದರು. ಅಷ್ಟಕ್ಕೇ ಅರ್ಧ ಭಾರ ಇಳಿದ ಹಾಗೆ ಆಗುತ್ತಿತ್ತು.

ಶೀಟ್ ಇದ್ದರಲ್ಲವೇ ಎಂದೀರಿ. ಸರಿಯೇ. ನಮ್ಮ ಕಡೆಯ ಮಳೆಗಾಲದಲ್ಲಿ ಒಗೆದ ಬಟ್ಟೆ ಮೂರು ದಿನಕ್ಕೂ ಒಣಗುವುದಿಲ್ಲ. ಶೀಟ್ ಇಲ್ಲದ ರಾತ್ರಿಯೇ ಕಂಕುಳಿಗೆ ಕೈ ಹಾಕಿ ಎಳೆಯುವುದು, ಸೊಂಟ ಹಿಡಿಯುವುದು. ಜೂನ್ ಬರುವ ಮೊದಲೇ ಮಂಚಕ್ಕೆ ನಾಲ್ಕರಂತೆ ಶೀಟ್ ಕೇಳಿಡಿ. ಬೆಲ್ಟಿಗಿಂತ ಅದೇ ಉಪಯೋಗ.

ಇನ್ನು ದುಡ್ಡಿನ ವಿಷಯ. ಸಂಬಳದ ಚೀಟಿಯಲ್ಲಿ ಇಎಸ್‌ಐಗೆಂದು (ನೌಕರರ ರಾಜ್ಯ ವಿಮೆ) ಶೇ. 0.75 ಕಡಿತ ಇದೆಯೇ ನೋಡಿ. ಇದ್ದರೆ, ಕೆಲಸದಲ್ಲಿ ಪೆಟ್ಟಾಗಿ ಮಲಗಿದ ದಿನಗಳಿಗೆ ವೇತನದ ಸುಮಾರು ಶೇ. 90 ಸಿಗುತ್ತದೆ, ಸಾಮಾನ್ಯ ಕಾಯಿಲೆಯಾದರೆ ಶೇ. 70. ಪೆಟ್ಟು ಕೆಲಸದಲ್ಲೇ ಆಯಿತೆಂದು ತೋರಿಸಲು ಅದೇ ದಿನದ ಬರಹ ಬೇಕು. "ಸೊಂಟ ನೋವು" ಎಂದು ಬರೆದರೆ ಅದು ಯಾರಿಗಾದರೂ ಬರುವ ನೋವು. "ರಾತ್ರಿ 2.15, ಮೂರನೇ ಮಂಚ, ಒಬ್ಬಳೇ ಮೇಲಕ್ಕೆ ಎಳೆಯುವಾಗ ಸೊಂಟ ಹಿಡಿಯಿತು" ಎಂದು ರಿಜಿಸ್ಟರಿನಲ್ಲಿ ಬರೆದು, ಬೆಳಿಗ್ಗೆ ಚಾರ್ಜ್ ಕೊಡುವಾಗ ಸಹಿ ಹಾಕಿಸಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ನೋವು ಕಾಲಿಗೆ ಇಳಿದು ಜೋಮು ಹಿಡಿದರೆ ಮುಲಾಮು ಹಚ್ಚುತ್ತ ಕೂರದೆ ಡಾಕ್ಟರಿಗೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರಂತೂ ಪಾಳಿ ಮುಗಿಯುವವರೆಗೂ ಕಾಯಬೇಡಿ.