ಕಾನ್ವೆಂಟಿಗೆ ಸೇರಿಸಲು ಇಗರ್ಜಿಯ ಚೀಟಿ ಬೇಕಾ?

ಪ್ರಶ್ನೆ: ನಾವು ಕಾರವಾರದ ಕೋಡಿಬಾಗದವರು, ಕ್ರಿಶ್ಚಿಯನ್ನರಲ್ಲ. ಮಗಳನ್ನು ಕಾನ್ವೆಂಟಿಗೆ ಹಾಕುವ ಆಸೆ. ಅದಕ್ಕೆ ಇಗರ್ಜಿಯ (ಚರ್ಚಿನ) ಫಾದರ್ ಹತ್ತಿರ ಚೀಟಿ ತರಬೇಕಾ? ಅಲ್ಲಿ ಬೈಬಲ್ ಪಾಠ ಕಡ್ಡಾಯನಾ?

ಚೀಟಿ ಬೇಡ. ಬೈಬಲ್ ಪಾಠ ಕಡ್ಡಾಯವೂ ಅಲ್ಲ.

ಗೊಂದಲ ಶುರುವಾಗುವುದೇ ಹೆಸರಿನಿಂದ. ಕಾನ್ವೆಂಟ್ ಅಂದರೆ ಸಿಸ್ಟರ್‌ಗಳು (ಕ್ರೈಸ್ತ ಸನ್ಯಾಸಿನಿಯರು) ವಾಸಿಸುವ ಮನೆ. ನಾವು ಇಂಗ್ಲಿಷ್ ಮೀಡಿಯಂ ಶಾಲೆಗೆಲ್ಲ ಅದೇ ಹೆಸರಿಟ್ಟು ಕೂತಿದ್ದೇವೆ. ಒಬ್ಬ ಸಿಸ್ಟರೂ ಇಲ್ಲದ ಶಾಲೆಯ ಬೋರ್ಡಿನಲ್ಲೂ ಕಾನ್ವೆಂಟ್ ಅಂತ ಇರುತ್ತದೆ, ಅಲ್ವಾ? ಹಾಗಾಗಿ ಮೊದಲು ಶಾಲೆ ಯಾರದ್ದು ಅಂತ ಕೇಳಿ.

ಕ್ಯಾಥೊಲಿಕರಲ್ಲಿ ಇಗರ್ಜಿಯ ಲೆಕ್ಕ ಬೇರೆ, ಶಾಲೆಯ ಲೆಕ್ಕ ಬೇರೆ. ಯಾವ ಇಗರ್ಜಿಗೆ ಸೇರಿದವರು ಅನ್ನುವುದು ಮನೆ ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ಕಾರವಾರದಿಂದ ಶಿರಸಿಗೆ ಮನೆ ಬದಲಿಸಿದರೆ ಇಗರ್ಜಿಯೂ ಬದಲಾಗುತ್ತದೆ, ಬಿಷಪ್ ಮಾತ್ರ ಅವರೇ. ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶಕ್ಕೆ ಧರ್ಮಪ್ರಾಂತ್ಯ ಅನ್ನುತ್ತಾರೆ. ಬೆಳಗಾವಿ ಧರ್ಮಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ 1976ರಲ್ಲಿ ಬೇರೆಯಾಗಿ ಕಾರವಾರ ಧರ್ಮಪ್ರಾಂತ್ಯವಾಯಿತು. ಘಟ್ಟದ ಮೇಲಿನದ್ದೂ ಕೆಳಗಿನದ್ದೂ ಅದರಲ್ಲೇ ಬಂತು.

ಶಾಲೆಗೆ ಇಂಥ ಗಡಿ ಇಲ್ಲ. ಕೆಲವನ್ನು ಧರ್ಮಪ್ರಾಂತ್ಯ ನಡೆಸುತ್ತದೆ. ಅಲ್ಲಿ ಸಾಮಾನ್ಯವಾಗಿ ಆ ಇಗರ್ಜಿಯ ಫಾದರ್ ಅವರೇ ಸಂಚಾಲಕರು. ಇನ್ನು ಕೆಲವು ಸಿಸ್ಟರ್‌ಗಳ ಇಲ್ಲವೇ ಫಾದರ್‌ಗಳ ಸಭೆಗಳದ್ದು, ಅಂದರೆ ಅವರ ಸಂಘಗಳದ್ದು. ಡಾನ್ ಬಾಸ್ಕೊ ಹೆಸರಿನ, ಸಲೇಷಿಯನ್ ಸಭೆಯ ಶಾಲೆಗಳು ಈ ಥರದವು. ಅಲ್ಲಿ ಪಕ್ಕದ ಇಗರ್ಜಿಯ ಫಾದರ್ ಮಾತು ಸುಮ್ನೆ ಶಿಫಾರಸು ಅಷ್ಟೆ.

ಸೀಟಿನ ವಿಷಯ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಅದರಿಂದ ತಮ್ಮ ಸಮುದಾಯದ ಮಕ್ಕಳಿಗೆ ಒಂದಿಷ್ಟು ಸೀಟು ಇಟ್ಟುಕೊಳ್ಳಬಹುದು. ಜ್ಞಾನಸ್ನಾನದ (ಬ್ಯಾಪ್ಟಿಸಮ್‌ನ) ಸರ್ಟಿಫಿಕೇಟ್ ಕೇಳಿದರೆ ಅದು ಆ ಮಕ್ಕಳಿಗೆ. ನೀವು ಕೇಳಿದ ಚೀಟಿಯ ಸುದ್ದಿ ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಸರ್ಕಾರದ ಅನುದಾನ ಪಡೆಯುವ ಶಾಲೆ ಬರೀ ಧರ್ಮದ ಕಾರಣಕ್ಕೆ ಮಗುವನ್ನು ಬೇಡ ಅನ್ನುವಂತಿಲ್ಲ ಎಂದು 29ನೇ ವಿಧಿ ಹೇಳುತ್ತದೆ. ಆದರೆ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟು ಸಿಗಬಹುದು ಅಂದುಕೊಂಡಿದ್ದರೆ ಬಿಟ್ಟುಬಿಡಿ. ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ.

ಇನ್ನು ಬೈಬಲ್. 28ನೇ ವಿಧಿ ಇಲ್ಲಿ ನಿಮ್ಮ ಕಡೆಗಿದೆ. ಸರ್ಕಾರದ ಮಾನ್ಯತೆ ಇರುವ ಶಾಲೆಯಲ್ಲಿ ತಂದೆತಾಯಿ ಒಪ್ಪದೆ ಮಗುವನ್ನು ಧರ್ಮದ ಪಾಠಕ್ಕಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ. ಬಹಳ ಶಾಲೆಗಳಲ್ಲಿ ನಡೆಯುವ ರೀತಿ ಹೀಗೆ: ಕ್ಯಾಥೊಲಿಕ್ ಮಕ್ಕಳು ದೊತೋರ್ನ್‌ಗೆ (ಅವರ ಧರ್ಮದ ಪಾಠಕ್ಕೆ) ಒಂದು ಕೋಣೆ, ಉಳಿದವರು ನೀತಿ ಪಾಠಕ್ಕೆ ಇನ್ನೊಂದು ಕೋಣೆ. ನಾನೂ ಆ ನೀತಿ ಪಾಠದಲ್ಲಿ ಕೂತವನೇ. ನಮ್ಮ ಗಮನವೆಲ್ಲ ಪಕ್ಕದ ಕೋಣೆಯ ಕೊಂಕಣಿ ಹಾಡಿನ ಮೇಲೆ. ಒಂದೆರಡು ಈಗಲೂ ಬಾಯಿಗೆ ಬರುತ್ತವೆ!

ಮುಂದೆ ಏನಾದರೂ ತಕರಾರು ಬಂದರೆ ಮೊದಲು ಮುಖ್ಯೋಪಾಧ್ಯಾಯರು, ಆಮೇಲೆ ಸಂಚಾಲಕರು. ಅಲ್ಲೂ ಆಗದಿದ್ದರೆ ತಾಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಅದರ ಮೇಲಿನ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ನಿಮಗೆ ಕಾರವಾರದಲ್ಲೇ ಸಿಗುತ್ತಾರೆ. ಘಟ್ಟದ ಮೇಲಿನವರಿಗೆ ಶಿರಸಿ ಶೈಕ್ಷಣಿಕ ಜಿಲ್ಲೆ ಬೇರೆ ಇದೆ.

ಅರ್ಜಿ ಕೇಳಲು ಭಾನುವಾರ ಮಾತ್ರ ಹೋಗಬೇಡಿ. ಗೇಟು ತೆರೆದಿರಬಹುದು, ಒಳಗೆ ಮಕ್ಕಳ ಗಲಾಟೆಯೂ ಕೇಳಬಹುದು. ಅದು ಇಗರ್ಜಿಯ ದೊತೋರ್ನ್ ಕ್ಲಾಸು. ಆಫೀಸಿಗೆ ಬೀಗ ಇರುತ್ತದೆ.