ಕಂದು ಬಂತಾ, ನೀಲಿನೇ ಉಳಿಯಿತಾ?

ಆಳಂದ ಕಡೆಯ ಒಬ್ಬ ಹೆಣ್ಣುಮಗಳು ನಮ್ಮ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ನಾಲ್ಕು ಮಡಿಕೆ ಮಾಡಿದ ರಿಪೋರ್ಟು, ಜೊತೆಗೆ ಪರೀಕ್ಷೆಗೆ ತೆಗೆದ ಚೂರನ್ನು ಹುದುಗಿಸಿಟ್ಟ ಒಂದು ಮೇಣದ ಬ್ಲಾಕು. ಅವರ ಅಕ್ಕನಿಗೆ 54 ವರ್ಷ, ಮುಟ್ಟು ನಿಂತು ಆರು ವರ್ಷವಾಗಿದೆ. ಬಿಳಿ ಹೋಗುತ್ತದೆ ಅಂತ ತೋರಿಸಿದಾಗ ಗರ್ಭಕಂಠದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟಿನಲ್ಲಿ ‘ಸಿಐಎನ್ 3’, ಅಂದರೆ ಕ್ಯಾನ್ಸರಿಗೆ ಮುಂಚಿನ ಹಂತ, ಅಂತ ಬರೆದು, ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದರು. ಆ ಪ್ರಶ್ನೆ ಚಿಹ್ನೆಯನ್ನು ಮಾತ್ರ ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

“ಡಾಕ್ಟ್ರೇ, ಅಕ್ಕಗ ಚೀಲ ತಗಸ್ಬೇಕಂತ ಹೇಳ್ಯಾರ್ರಿ. ತಗಸ್ಲೇಬೇಕೇನ್ರಿ?”

ನಮ್ಮ ಕಡೆ ಚೀಲ ಅಂದರೆ ಗರ್ಭಚೀಲ. ಕಲಬುರಗಿಯಲ್ಲಿ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಆಗುವುದಿಲ್ಲ. 2015ರ ಹೊತ್ತಿಗೆ ಈ ಜಿಲ್ಲೆಯ ಹಳ್ಳಿ, ತಾಂಡಾಗಳ ಹೆಣ್ಣುಮಕ್ಕಳಿಗೆ ಅಗತ್ಯವಿಲ್ಲದೆ ಗರ್ಭಚೀಲ ತೆಗೆದಿದ್ದಾರೆ ಅಂತ ದೊಡ್ಡ ದೂರು ಎದ್ದು, ತನಿಖೆಯೂ ನಡೆಯಿತು. ಹೊಟ್ಟೆನೋವು, ಬಿಳಿ ಹೋಗುವುದು ಅಂತ ಬಂದವರಿಗೆ ‘ಬಿಟ್ಟರೆ ಕ್ಯಾನ್ಸರ್ ಆಗುತ್ತೆ’ ಅನ್ನೋ ಒಂದು ಮಾತು ಸಾಕಾಗುತ್ತಿತ್ತು. ಇನ್ನೊಂದು ಕಡೆ ನಿಜವಾಗಿ ಕ್ಯಾನ್ಸರ್ ಇರುವವರು ಕಾಯಿಲೆ ಬಲಿತ ಮೇಲೆ ಬರುತ್ತಾರೆ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷಕ್ಕೆ ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬಂದಿದೆ, ಸುಮಾರು 80 ಸಾವಿರ ಜನ ಸತ್ತಿದ್ದಾರೆ. ಬೇಡದವರಿಗೆ ಕತ್ತರಿ, ಬೇಕಾದವರಿಗೆ ತಡ. ಎರಡೂ ಒಂದೇ ಊರಲ್ಲಿ ನಡೆಯುತ್ತಿದೆ.

ಅದಕ್ಕೇ ಆ ಚೂರಿನಲ್ಲಿ ನಿಜವಾಗಿ ಏನಿದೆ ಅಂತ ಖಚಿತವಾಗಿ ಹೇಳುವುದು ಮುಖ್ಯ.

ಈ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಅನ್ನೋ ವೈರಸ್. ಇದನ್ನು ತೋರಿಸಿದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸಿನಲ್ಲಿ ಬಹಳ ಬಗೆ ಇವೆ. ನೂರಕ್ಕೆ ಸುಮಾರು 70 ಕ್ಯಾನ್ಸರಿಗೆ 16 ಮತ್ತು 18 ಅನ್ನೋ ಎರಡೇ ಬಗೆ ಕಾರಣ. ಸೋಂಕು ತಗುಲುವುದು ತೀರಾ ಸಾಮಾನ್ಯ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಜೀವಕೋಶಗಳನ್ನು ಕೆಡಿಸುತ್ತದೆ. ಅಲ್ಲಿಂದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು.

ಆ ನಡುವಿನ ಕಾಲದ ಕಾಯಿಲೆಗೇ ಸಿಐಎನ್ ಅಂತ ಹೆಸರು. ಶಹಾಬಾದಿನ ಕಲ್ಲುಗಣಿ ನೋಡಿದವರಿಗೆ ಪದರ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಗರ್ಭಕಂಠದ ಮೇಲ್ಮೈಯೂ ಹಾಗೇ ಪದರ ಪದರ. ಕೆಳಗಿನ ಕೋಶಗಳು ಒಡೆದು ಎರಡಾಗುತ್ತವೆ, ಮೇಲಕ್ಕೆ ಸರಿಯುತ್ತಾ ಚಪ್ಪಟೆಯಾಗುತ್ತವೆ, ಕೊನೆಗೆ ಉದುರುತ್ತವೆ. ಕೆಟ್ಟ ಕೋಶಗಳು ಕೆಳಗಿನ ಮೂರನೇ ಒಂದು ಭಾಗದಲ್ಲಿದ್ದರೆ ಸಿಐಎನ್ 1, ಮೂರನೇ ಎರಡು ಭಾಗದವರೆಗೆ ಏರಿದ್ದರೆ 2, ಅದನ್ನೂ ದಾಟಿ ಮೇಲಿನವರೆಗೆ ತುಂಬಿದ್ದರೆ 3. 1 ಬಹುತೇಕ ತಾನೇ ವಾಸಿಯಾಗುತ್ತದೆ, ಕಾದು ನೋಡಿದರೆ ಸಾಕು. 2ರಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷದೊಳಗೆ ಹಿಂದೆ ಸರಿಯುತ್ತವೆ. 3ನ್ನು ಬಿಡಲೇಬಾರದು. ನ್ಯೂಜಿಲೆಂಡಿನಲ್ಲಿ ಸರಿಯಾದ ಚಿಕಿತ್ಸೆ ಕೊಡದೆ ಸುಮ್ನೆ ನೋಡುತ್ತಾ ಬಿಟ್ಟ ಹೆಂಗಸರಲ್ಲಿ 30 ವರ್ಷದೊಳಗೆ ನೂರಕ್ಕೆ 31 ಜನಕ್ಕೆ ಕ್ಯಾನ್ಸರ್ ಆಯಿತು. ಅವರಿಗೆ ಮಾಡಿದ್ದು ಘೋರ ಅನ್ಯಾಯ. ನಮಗೆ ಈ ಲೆಕ್ಕ ಸಿಕ್ಕಿದ್ದೇ ಆ ಅನ್ಯಾಯದಿಂದ.

ಕಷ್ಟ ಇರುವುದು ಇಲ್ಲಿ. ಒಂದೇ ಸ್ಲೈಡನ್ನು ನನ್ನಂಥ ಇಬ್ಬರು ಪ್ಯಾಥಾಲಜಿಸ್ಟರಿಗೆ, ಅಂದರೆ ಮೈಕ್ರೋಸ್ಕೋಪಿನಲ್ಲಿ ಚೂರು ನೋಡಿ ಕಾಯಿಲೆ ಹೇಳುವ ಡಾಕ್ಟರಿಗೆ, ಕೊಟ್ಟರೆ, ಅದರಲ್ಲೂ ಸಿಐಎನ್ 2ರ ವಿಷಯದಲ್ಲಿ, ಇಬ್ಬರೂ ಒಂದೇ ಉತ್ತರ ಕೊಡುತ್ತಾರೆ ಅನ್ನೋ ಖಾತ್ರಿ ಇಲ್ಲ. ಬರೀ ಆಕಾರ ನೋಡಿದರೆ ಕಣ್ಣು ಮೋಸಹೋಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಕೋಶಗಳು ಬಲಿಯುವುದೇ ಇಲ್ಲ. ಕೆಳಗಿನಿಂದ ಮೇಲಿನವರೆಗೆ ಎಲ್ಲವೂ ಎಳೆಯ ಕೋಶಗಳಂತೆ ಒತ್ತಾಗಿ ಕಾಣುತ್ತವೆ. ಥೇಟ್ ಸಿಐಎನ್ 3ರ ಹಾಗೆ!

ಆಗ ನಾವು ಆಕಾರ ಬಿಟ್ಟು ಗುರುತು ಹುಡುಕುತ್ತೇವೆ. ಆ ಗುರುತಿನ ಹೆಸರು ಪಿ16.

ನಮ್ಮ ಕೋಶದೊಳಗೆ ಆರ್‌ಬಿ ಅನ್ನೋ ಪ್ರೋಟೀನು ಇದೆ. ಕೋಶ ಸುಮ್ಮಸುಮ್ಮನೆ ಒಡೆದು ಎರಡಾಗದಂತೆ ತಡೆಯುವ ಬ್ರೇಕು ಅದು. ಪಿ16 ಇನ್ನೊಂದು ಪ್ರೋಟೀನು, ಆ ಬ್ರೇಕನ್ನು ತುಳಿಯುವ ಕಾಲು. ಮಾಮೂಲಿ ದಿನಗಳಲ್ಲಿ ಇದು ಕಣ್ಣಿಗೆ ಬೀಳದಷ್ಟು ಕಡಿಮೆ ಇರುತ್ತದೆ. ವೈರಸ್ ಇ7 ಅನ್ನೋ ತನ್ನ ಪ್ರೋಟೀನಿನಿಂದ ಆರ್‌ಬಿಯನ್ನೇ ಹಾಳುಮಾಡುತ್ತದೆ. ಬ್ರೇಕ್ ವೈರು ಹರಿದ ಟಂಟಂ ನೆನೆಸಿಕೊಳ್ಳಿ. ಡ್ರೈವರ್ ತುಳಿಯುತ್ತಾನೆ, ಗಾಡಿ ನಿಲ್ಲುವುದಿಲ್ಲ. ಇನ್ನೂ ಜೋರಾಗಿ ತುಳಿಯುತ್ತಾನೆ, ಆಗಲೂ ನಿಲ್ಲುವುದಿಲ್ಲ. ಕೋಶವೂ ಹಾಗೇ ಪಿ16 ಅನ್ನು ರಾಶಿ ರಾಶಿ ತಯಾರಿಸುತ್ತದೆ, ಉಪಯೋಗ ಮಾತ್ರ ಆಗುವುದಿಲ್ಲ. ಆ ರಾಶಿಯೇ ನಮಗೆ ಸಿಗುವ ಸುಳಿವು. ಒಳಗೆ ಬ್ರೇಕು ಹೋಗಿದೆ, ವೈರಸ್ ಬಂದು ಸ್ಟೇರಿಂಗ್ ಹಿಡಿದಿದೆ ಅಂತ ಅರ್ಥ.

ಇದನ್ನು ನೋಡುವುದು ಹೇಗೆ ಅಂತ ಹೇಳಲು ನನಗೆ ತುಂಬ ಇಷ್ಟ. ಮೇಣದ ಬ್ಲಾಕಿನಿಂದ ಮೂರು ನಾಲ್ಕು ಮೈಕ್ರಾನ್ ದಪ್ಪದ ಪದರ ಕತ್ತರಿಸುತ್ತೇವೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ಅಷ್ಟು ತೆಳು. ಬಿಸಿನೀರಿನ ಮೇಲೆ ಅದು ಹಾಲಿನ ಕೆನೆಯ ಹಾಗೆ ತೇಲುತ್ತದೆ. ಕೆಳಗಿನಿಂದ ಗಾಜಿನ ಸ್ಲೈಡ್ ಹಿಡಿದು ಮೆಲ್ಲಗೆ ಎತ್ತಿಕೊಳ್ಳುತ್ತೇವೆ. ಆಮೇಲೆ ಪ್ರೆಷರ್ ಕುಕ್ಕರ್! ಹೌದು, ಎಷ್ಟೋ ಲ್ಯಾಬುಗಳಲ್ಲಿ ಬೇಳೆ ಬೇಯಿಸುವಂಥ ಕುಕ್ಕರಿನಲ್ಲೇ ಸ್ಲೈಡುಗಳನ್ನು ಕುದಿಸುತ್ತಾರೆ. ಚೂರು ಕೊಳೆಯದಿರಲಿ ಅಂತ ಹಾಕಿದ ಫಾರ್ಮಲಿನ್ ಪ್ರೋಟೀನುಗಳನ್ನು ಗಂಟು ಹಾಕಿರುತ್ತದೆ. ಆ ಗಂಟು ಬಿಚ್ಚುವುದು ಬಿಸಿಯಿಂದ. ಬಳಿಕ ಪಿ16ಗೆ ಮಾತ್ರ ಅಂಟುವ ಆಂಟಿಬಾಡಿ ಹಾಕುತ್ತೇವೆ. ಅದು ಅಂಟಿದ ಕಡೆ ಕಂದು ಬಣ್ಣ ಏಳುತ್ತದೆ. ಉಳಿದದ್ದಕ್ಕೆ ನೀಲಿ ಬಣ್ಣ ಕೊಡುತ್ತೇವೆ.

ಬಿದರಿ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದ್ದೀರಾ? ಬೆಳ್ಳಿ ಎಳೆ ಕೂರಿಸಿ ಉಜ್ಜಿದ ಮೇಲೆ ಲೋಹ, ಬೆಳ್ಳಿ ಎರಡೂ ಬೆಳ್ಳಗೇ ಕಾಣುತ್ತವೆ. ಹೂವು ಎಲ್ಲಿದೆ ಅಂತ ಹುಡುಕಬೇಕು. ಬೀದರ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚಿದ ಮೇಲೆ ಲೋಹವಷ್ಟೇ ಕಪ್ಪಾಗಿ ಬೆಳ್ಳಿ ಹೂವು ಥಟ್ಟನೆ ಎದ್ದು ಬರುತ್ತದೆ. ಮೈಕ್ರೋಸ್ಕೋಪಿನಲ್ಲಿ ಕಂದು ಬಣ್ಣ ಮೂಡಿದ್ದನ್ನು ಮೊದಲ ಸಲ ನೋಡಿದಾಗ ನನಗೆ ಅದೇ ನೆನಪಾಯಿತು.

ಅಲ್ಲಲ್ಲಿ ಚುಕ್ಕಿ ಚುಕ್ಕಿಯಾಗಿ ಬಂದ ಕಂದು ಲೆಕ್ಕಕ್ಕಿಲ್ಲ. ತಳದ ಪದರದಿಂದ ಶುರುವಾಗಿ, ಎಲ್ಲೂ ತುಂಡಾಗದೆ, ಗೋಡೆಗೆ ಬಣ್ಣ ಬಳಿದ ಹಾಗೆ ಗಟ್ಟಿಯಾಗಿ ಮೇಲಕ್ಕೆ ಏರಿರಬೇಕು. ಅನುಮಾನದ ಸ್ಲೈಡಿನಲ್ಲಿ ಹಾಗೆ ಬಂದರೆ ಅದು ಮೇಲಿನ ದರ್ಜೆಯ, ಅಂದರೆ ಸಿಐಎನ್ 2 ಅಥವಾ 3ರ, ಕಾಯಿಲೆ. ಜೊತೆಗೆ ಕಿ-67 ಅಂತ ಇನ್ನೊಂದು ಗುರುತು ನೋಡುತ್ತೇವೆ. ಜರ್ಮನಿಯ ಕೀಲ್ ಊರಿನಲ್ಲಿ, ಲ್ಯಾಬಿನ ತಟ್ಟೆಯ 67ನೇ ಕುಳಿಯಲ್ಲಿ ಬೆಳೆದ ಕೋಶಗಳಿಂದ ಅದರ ಆಂಟಿಬಾಡಿ ಸಿಕ್ಕಿತು, ಅದಕ್ಕೇ ಆ ಹೆಸರು. ಒಡೆದು ಎರಡಾಗುವ ಕೆಲಸದಲ್ಲಿರುವ ಕೋಶದಲ್ಲಿ ಮಾತ್ರ ಇದು ಕಾಣುತ್ತದೆ. ಚೆನ್ನಾಗಿರುವ ಗರ್ಭಕಂಠದಲ್ಲಿ ತಳದ ಹತ್ತಿರ ಮಾತ್ರ ಇರಬೇಕು. ಮೇಲಿನ ಪದರಗಳಲ್ಲೂ ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಉರಿಯೂತ ಇದ್ದಾಗಲೂ ಕಿ-67 ಏರುತ್ತದೆ. ಅದಕ್ಕೆ ಇದೊಂದನ್ನೇ ನಂಬಿ ನಾನು ರಿಪೋರ್ಟ್ ಬರೆಯುವುದಿಲ್ಲ.

ಎಲ್ಲರಿಗೂ ಪಿ16 ಮಾಡಿಸಿ ಅಂತಲೂ ನಾನು ಹೇಳುತ್ತಿಲ್ಲ. ಸ್ಪಷ್ಟವಾಗಿ ಸಿಐಎನ್ 1 ಅಂತ ಕಂಡ ಚೂರಿನಲ್ಲೂ ಎಷ್ಟೋ ಸಲ ಪಿ16 ಕಂದಾಗುತ್ತದೆ. ಅದನ್ನು ನೋಡಿ ಗಾಬರಿಯಾಗಿ ಜಾಸ್ತಿ ಚಿಕಿತ್ಸೆ ಕೊಟ್ಟರೆ ಮತ್ತೆ ಅದೇ ತಪ್ಪು. 2012ರಲ್ಲಿ ಅಮೆರಿಕದ ತಜ್ಞರ ಸಂಘಗಳು ಸೇರಿ ಕೊಟ್ಟ ಸಲಹೆಯೂ ಇದೇ: ಅನುಮಾನ ಇದ್ದಲ್ಲಿ ಮಾಡಿ, ಸ್ಪಷ್ಟವಾಗಿದ್ದಲ್ಲಿ ಬೇಡ.

ಇನ್ನೊಂದು ಮಾತು. ಕಂದು ಬಂದು ಸಿಐಎನ್ 3 ಖಚಿತವಾದರೂ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಚೀಲ ತೆಗೆಯುವುದಲ್ಲ. ಕರೆಂಟು ಹಾಯಿಸಿದ ತೆಳು ತಂತಿಯ ಕುಣಿಕೆಯಿಂದ ಕೆಟ್ಟ ಭಾಗವನ್ನಷ್ಟೇ ತೆಗೆಯುತ್ತಾರೆ. ಬಹಳ ಸಲ ಆ ಜಾಗ ಮರಗಟ್ಟಿಸಿ, ಅದೇ ದಿನ ಮನೆಗೆ ಕಳಿಸುತ್ತಾರೆ.

ಇನ್ನು ಕಾಯಿಲೆ ಬೇಗ ಹಿಡಿಯುವುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಆಳಂದ ದಾಟಿದರೆ ಸಿಗುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗಿನ ಧಾರಾಶಿವದಲ್ಲಿ, 30ರಿಂದ 59 ವರ್ಷದ 1.31 ಲಕ್ಷ ಹೆಂಗಸರನ್ನು ಸೇರಿಸಿಕೊಂಡು ಅಧ್ಯಯನ ನಡೆಯಿತು. ಒಂದೇ ಒಂದು ಸಲದ ಎಚ್‌ಪಿವಿ ಪರೀಕ್ಷೆಯಿಂದ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿಯಿತು ಅಂತ 2009ರಲ್ಲಿ ವರದಿಯಾಯಿತು. ನಮ್ಮಂಥದೇ ಹಳ್ಳಿಗಳು, ನಮ್ಮಂಥದೇ ಹೆಣ್ಣುಮಕ್ಕಳು. ನಮ್ಮಲ್ಲೂ ಆಗುತ್ತದೆ, ಅಲ್ವಾ?

ಆಳಂದದ ಅಕ್ಕನ ಬ್ಲಾಕನ್ನು ಮತ್ತೆ ಕತ್ತರಿಸಿ, ಪಿ16 ಹಾಕಿ ಇಟ್ಟೆವು. ಮೂರನೇ ದಿನ ತಂಗಿ ಬಂದರು. ನಾನು ಬಾಯಲ್ಲಿ ಹೇಳುವ ಮುಂಚೆ, ಪಕ್ಕದಲ್ಲಿ ಬೇರೆ ಒಂದು ಗಟ್ಟಿ ಕಂದು ಬಂದಿದ್ದ ಸ್ಲೈಡನ್ನು ತೋರಿಸಿದೆ. ಕಾಯಿಲೆ ಇದ್ದರೆ ಹೀಗಿರುತ್ತೆ ನೋಡಿ ತಾಯಿ ಅಂದೆ. ಆಮೇಲೆ ಅಕ್ಕನ ಸ್ಲೈಡ್ ಇಟ್ಟು, ಸ್ಟೂಲು ಎಳೆದು ಕೂರಿಸಿದೆ. ಸೆರಗು ಸರಿಮಾಡಿಕೊಂಡು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು.

“ಇದರಾಗ ಕಂದು ಎಲ್ಲೂ ಇಲ್ಲಲ್ರೀ ಡಾಕ್ಟ್ರೇ. ಎಲ್ಲಾ ನೀಲಿನೇ ಅದ.”