ಸತ್ತ ನಗರಗಳಲ್ಲ, ರೈತರ ಹಳ್ಳಿಗಳು

ಸಿರಿಯಾದ ಸೆರ್ಜಿಲ್ಲಾ ಎಂಬ ಹಾಳೂರಿನಲ್ಲಿ ಒಂದು ಸ್ನಾನಗೃಹ ಇದೆ. ಕ್ರಿ.ಶ. 473ರಲ್ಲಿ ಜೂಲಿಯಾನೋಸ್ ಮತ್ತು ಅವನ ಹೆಂಡತಿ ದೋಮ್ನಾ ಕಟ್ಟಿಸಿದ್ದು. ಅದರ ನೆಲಕ್ಕೆ ಬಣ್ಣದ ಕಲ್ಲುಗಳ ಮೊಸಾಯಿಕ್ ಹಾಸಿತ್ತು. 1899ರಲ್ಲಿ ಅಮೆರಿಕದ ತಂಡವೊಂದು ಅದನ್ನು ಪತ್ತೆ ಹಚ್ಚಿತು. ಆರು ವರ್ಷ ಬಿಟ್ಟು ಮತ್ತೆ ಬಂದಾಗ ಮೊಸಾಯಿಕ್ ಮಾಯವಾಗಿತ್ತು.

ಅಲೆಪ್ಪೊ ಮತ್ತು ಇದ್ಲಿಬ್ ಸುತ್ತಲಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಇಂಥ ನೂರಾರು ಊರುಗಳಿವೆ. ಇವಕ್ಕೆ 'ಸತ್ತ ನಗರಗಳು' ಎಂಬ ಹೆಸರು ಅಂಟಿಕೊಂಡಿದೆ. ನನಗಂತೂ ಆ ಹೆಸರು ಒಪ್ಪಿಗೆಯಿಲ್ಲ. ರೋಮನ್ ಮತ್ತು ಬೈಜಾಂಟೈನ್ ಕಾಲದಲ್ಲಿ ಇಲ್ಲಿದ್ದವರು ರೈತರು. ಕೆಳಗೆ ದನಕರು, ಮೇವಿನ ಕಲ್ಲಿನ ಗೋದಲಿ. ಮಹಡಿಯಲ್ಲಿ ಮನೆಮಂದಿ. ಪಕ್ಕದಲ್ಲೇ ಆಲಿವ್ ಗಾಣ. ಗೋಡೆಯಲ್ಲಿ ಕೊರೆದ ಗೂಡಿಗೆ ಉದ್ದನೆಯ ತೊಲೆಯ ಒಂದು ತುದಿ ಸಿಕ್ಕಿಸಿ, ಇನ್ನೊಂದು ತುದಿಗೆ ಭಾರದ ಕಲ್ಲು ಕಟ್ಟಿ ಎಣ್ಣೆ ಹಿಂಡುತ್ತಿದ್ದರು. ಮರದ ತೊಲೆ ಎಂದೋ ಹೋಯಿತು, ಗೂಡು ಮತ್ತು ಕಲ್ಲು ಉಳಿದಿವೆ.

ಈ ಊರುಗಳು ಖಾಲಿಯಾಗಿದ್ದು ಯಾಕೆ? 1950ರ ದಶಕದಲ್ಲಿ ಈ ಊರುಗಳನ್ನು ಅಧ್ಯಯನ ಮಾಡಿದ ಜಾರ್ಜ್ ಚಲೆಂಕೊ ಒಂದು ಉತ್ತರ ಕೊಟ್ಟರು. ಊರುಗಳು ಬದುಕಿದ್ದೇ ಎಣ್ಣೆಯ ರಫ್ತಿನಿಂದ, 7ನೇ ಶತಮಾನದ ಯುದ್ಧಗಳಲ್ಲಿ ಆ ವ್ಯಾಪಾರ ನಿಂತಿತು, ಜನ ಬಿಟ್ಟುಹೋದರು ಅಂತ. ಕೇಳೋಕೆ ಸರಿಯಾಗೇ ಇದೆ, ಅಲ್ವಾ? ಆದರೆ 1976ರಿಂದ 78ರವರೆಗೆ ದೇಹೆಸ್ ಎಂಬ ಹಳ್ಳಿಯಲ್ಲಿ ಅಗೆದ ಪುರಾತತ್ವಜ್ಞರಾದ ಸೊಡಿನಿ ಮತ್ತು ಟಾಟ್ ಅವರಿಗೆ ಕಂಡದ್ದೇ ಬೇರೆ. ಅಲ್ಲಿನವರು ಬರೀ ಆಲಿವ್ ನಂಬಿ ಕೂತಿರಲಿಲ್ಲ. ದವಸ, ದನಕರು ಎಲ್ಲವೂ ಇದ್ದವು. 9ನೇ ಶತಮಾನದವರೆಗೂ ಜನ ಅಲ್ಲೇ ಇದ್ದರು. ಊರು ಒಂದೇ ಏಟಿಗೆ ಸಾಯಲಿಲ್ಲ, ನಿಧಾನಕ್ಕೆ ಬಡವಾಯಿತು.

2011ರಲ್ಲಿ ಯುನೆಸ್ಕೊ ಸುಮಾರು 40 ಹಳ್ಳಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಸಿರಿಯಾದಲ್ಲಿ ಯುದ್ಧ ಶುರುವಾಯಿತು. 2013ರಲ್ಲಿ ಅವು ಅಪಾಯದ ಪಟ್ಟಿಗೂ ಸೇರಿದವು. 2016ರಲ್ಲಿ ಇದೇ ಗುಡ್ಡಗಳಲ್ಲಿರುವ ಸಂತ ಸಿಮಿಯೋನ್ ಚರ್ಚ್‌ಗೆ ಬಾಂಬ್ ದಾಳಿಯಲ್ಲಿ ಪೆಟ್ಟಾಯಿತು. ಆ ಸಂತ ವರ್ಷಗಟ್ಟಲೆ ಕಂಬದ ಮೇಲೆ ಬದುಕಿದ್ದ ಜಾಗ ಅದು.

ಮನೆ ಕಳೆದುಕೊಂಡವರು ಈ ಹಾಳೂರುಗಳಿಗೇ ಬಂದು ಸೇರಿದರು. ಕಾಯ್ದೆಯ ಪ್ರಕಾರ ಅಲ್ಲಿ ಯಾರೂ ವಾಸ ಮಾಡುವಂತಿಲ್ಲ. ಕಾಪಾಡಬೇಕಾದ ಕಲ್ಲು ಇದು, ನಿಜ. ಆದರೆ ಮಳೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಂದವರಿಗೆ 'ಹೊರಗೆ ಹೋಗಿ' ಅನ್ನಲು ನನಗೆ ಬಾಯಿ ಬರುವುದಿಲ್ಲ. ಬಾಕಿರ್ಹಾ ಎಂಬ ಹಾಳೂರಿನಲ್ಲಿ ರೋಮನ್ ಕಾಲದ ಗೋಡೆಗಳ ನಡುವೆಯೇ ಡೇರೆಗಳು ಎದ್ದವು. ಸಾವಿರದ ಐನೂರು ವರ್ಷದ ಹಿಂದೆ ರೈತರು ಒಲೆ ಹಚ್ಚುತ್ತಿದ್ದ ಊರಲ್ಲಿ ಮತ್ತೆ ಹೊಗೆ ಏಳತೊಡಗಿತು.